ಲೋಧಿ ರಸ್ತೆಯ ಗಣಕನೀತಿಯೂ ದೇಶೀಯ ಲಿನಕ್ಸೂ: ಅನುಕರಣೆಯ ಇತಿಹಾಸದ ಒಂದು ವಿವೇಚನೆ

೧

ಹೊಸದಿಲ್ಲಿಯ ಲೋಧಿ ಕಾಲೋನಿಯು ಬ್ರಿಟಿಷರು ತಮ್ಮ ರಾಜಧಾನಿಯಲ್ಲಿ ಕಟ್ಟಿಸಿದ ಕಡೆಯ ವಸತಿ ಬಡಾವಣೆ. ೧೯೪೦ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಎದ್ದುನಿಂತ ಅದರ ಎತ್ತರದ ಕಮಾನುಗಳ ನೆರಳಿನಲ್ಲಿ ದೇಶದ ಎಲ್ಲ ಭಾಷೆಗಳ ಸಂಸಾರಗಳೂ ಬಾಳಿ ಹೋಗಿವೆ. ಕನ್ನಡದ ಸಂಸಾರಗಳೂ ಅವುಗಳಲ್ಲಿ ಸೇರಿವೆ. ದಿಲ್ಲಿಯ ಕನ್ನಡ ಶಾಲೆಯೂ ಸಮೀಪದ ಲೋಧಿ ಎಸ್ಟೇಟಿನಲ್ಲಿಯೇ ಇದೆ. ಈ ಬಡಾವಣೆಯಿಂದ ಕೂಗಳತೆಯ ದೂರದಲ್ಲಿ, ಲೋಧಿ ರಸ್ತೆಯ ಪೂರ್ವಭಾಗದಲ್ಲಿ, ಸಿ. ಜಿ. ಒ. ಕಾಂಪ್ಲೆಕ್ಸ್ ಎಂಬ ಸರ್ಕಾರಿ ಕಚೇರಿಗಳ ಸಮುಚ್ಚಯವಿದೆ. ರಾಷ್ಟ್ರೀಯ ಮಾಹಿತಿ ಕೇಂದ್ರವೂ, ಇಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಇಲೆಕ್ಟ್ರಾನಿಕ್ಸ್ ನಿಕೇತನವೂ ನೆಲೆಗೊಂಡಿರುವುದು ಇಲ್ಲಿಯೇ. ಭಾರತ ಸರ್ಕಾರದ ಗಣಕಯಂತ್ರಗಳಲ್ಲಿ ಯಾವ ತಂತ್ರಾಂಶ ನಡೆಯಬೇಕೆಂಬ ಪ್ರಶ್ನೆ ಹಲವು ದಶಕಗಳಿಂದ ಚರ್ಚೆಗೊಳಗಾಗಿರುವುದು ಈ ಕಟ್ಟಡಗಳ ಒಳಗೆ.

ರಾಷ್ಟ್ರೀಯ ಮಾಹಿತಿ ಕೇಂದ್ರವು ೧೯೭೬ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆ ನಡೆಸಿದ ಡಾ. ಎನ್. ಶೇಷಗಿರಿಯವರು ಅದನ್ನು ಕಟ್ಟಿ ಬೆಳೆಸಿದವರು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ನಿಕ್‌ನೆಟ್ ಎಂಬ ಉಪಗ್ರಹಾಧಾರಿತ ಜಾಲದಿಂದ ದೇಶದ ಜಿಲ್ಲಾ ಕೇಂದ್ರಗಳನ್ನು ರಾಜಧಾನಿಗೆ ಹೊಂದಿಸಿದ ಕೀರ್ತಿ ಈ ಸಂಸ್ಥೆಯದು. ಹೀಗೆ ಯಂತ್ರಗಳು ಜಿಲ್ಲೆ ಜಿಲ್ಲೆಗೂ ಮುಟ್ಟಿದವು; ಆದರೆ ಆ ಯಂತ್ರಗಳ ಒಳಗೆ ನೆಲೆಸಿ ಅವುಗಳನ್ನು ಆಳುವ ಮೂಲ ತಂತ್ರಾಂಶ, ಅಂದರೆ ಕಾರ್ಯವ್ಯವಸ್ಥೆ, ಬಹುಮಟ್ಟಿಗೆ ಹೊರದೇಶದ್ದಾಗಿಯೇ ಉಳಿಯಿತು. ಅದನ್ನು ನಮ್ಮದಾಗಿಸಿಕೊಳ್ಳಲು ನಡೆದ ಪ್ರಯತ್ನಗಳಲ್ಲಿ ಎರಡು ಮುಖ್ಯವಾದವು. ಒಂದು, ೨೦೦೭ರಲ್ಲಿ ಹೊರಬಂದ ‘ಬಾಸ್’ ಲಿನಕ್ಸ್; ಇನ್ನೊಂದು, ೨೦೨೩ರಲ್ಲಿ ರಕ್ಷಣಾ ಇಲಾಖೆಗಾಗಿ ಸಿದ್ಧವಾದ ‘ಮಾಯಾ’. ಎರಡೂ ಲಿನಕ್ಸನ್ನು ಆಧರಿಸಿದವು; ಎರಡೂ ವಿಂಡೋಸ್ ಎಂಬ ಮತ್ತೊಂದು ವ್ಯವಸ್ಥೆಗೆ ಒಗ್ಗಿದ ಕೈಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು. ಇಂತಹ ಅನುಕರಣೆಗೆ ಬೆಲೆಯೆಷ್ಟು, ಅದರಿಂದ ದೊರೆಯುವ ಸ್ವಾತಂತ್ರ್ಯ ಎಂತಹುದು, ಕನ್ನಡಕ್ಕೆ ಇದರಲ್ಲಿ ಏನು ಲಾಭ ಎಂಬ ಮೂರು ಪ್ರಶ್ನೆಗಳ ವಿವೇಚನೆಯೇ ಪ್ರಕೃತ ಲೇಖನದ ವಿಷಯ.

೨

ಮೊದಲು ಅನುಕರಣೆಯ ವಂಶಾವಳಿಯನ್ನು ನೋಡುವುದು ಯುಕ್ತ. ಬೇರೊಂದು ವ್ಯವಸ್ಥೆಯನ್ನು ಅನುಸರಿಸಿ ಕಟ್ಟಿದ್ದು ಎಂಬ ಮಾತು ಲಿನಕ್ಸಿಗೆ ಹೊರಗಿನಿಂದ ಅಂಟಿದ ಕುಂದಲ್ಲ. ಅದು ಲಿನಕ್ಸಿನ ಹುಟ್ಟಿನಲ್ಲಿಯೇ ಇದೆ.

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಆರಂಭಿಸಿದರು. ಆ ಪ್ರಯೋಗಶಾಲೆಯ ಒಡೆಯರಾದ ಎ. ಟಿ. ಅಂಡ್ ಟಿ. ಕಂಪನಿಯು ೧೯೫೬ರ ಒಂದು ನ್ಯಾಯಾಲಯದ ಒಡಂಬಡಿಕೆಯಿಂದಾಗಿ ದೂರವಾಣಿಯ ಹೊರತು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದ್ದರಿಂದ ಯೂನಿಕ್ಸಿನ ಆಕರಪಾಠವು ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳಿಗೆ ದೊರೆಯಿತು. ವಿದ್ಯಾರ್ಥಿಗಳು ಅದನ್ನು ಗ್ರಂಥವನ್ನು ಓದುವಂತೆ ಓದಿದರು. ೧೯೭೯ರ ಏಳನೆಯ ಆವೃತ್ತಿಯ ವೇಳೆಗೆ ಪರವಾನಗಿ ಬಿಗಿಯಾಯಿತು. ಆಕರಪಾಠವನ್ನು ತರಗತಿಯಲ್ಲಿ ಬೋಧಿಸುವುದಕ್ಕೂ ತಡೆ ಬಂತು. ಆಗ ಆಂಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರೂ ಟೆನೆನ್‌ಬಾಮರು ಹೊರಗಿನ ನಡವಳಿಕೆಯಲ್ಲಿ ಯೂನಿಕ್ಸನ್ನು ಹೋಲುವ, ಒಳಗಿನ ಪಾಠದಲ್ಲಿ ಅದರ ಒಂದು ಸಾಲನ್ನೂ ತೆಗೆದುಕೊಳ್ಳದ ಮಿನಿಕ್ಸ್ ಎಂಬ ಪಾಠೋಪಯೋಗಿ ವ್ಯವಸ್ಥೆಯನ್ನು ರಚಿಸಿ ೧೯೮೭ರಲ್ಲಿ ಪುಸ್ತಕದೊಡನೆ ಪ್ರಕಟಿಸಿದರು. ಆ ಪುಸ್ತಕವನ್ನು ಓದಿದ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಿನಕ್ಸನ್ನು ಬರೆಯತೊಡಗಿದನು. ಅದರ ಮೊದಲ ಪ್ರತಿಯಲ್ಲಿದ್ದದ್ದು ಸುಮಾರು ೧೦,೦೦೦ ಸಾಲುಗಳು ಮಾತ್ರ.

ಇದಕ್ಕೂ ಮುಂಚೆ, ೧೯೮೩ರಲ್ಲಿ, ರಿಚರ್ಡ್ ಸ್ಟಾಲ್‌ಮನ್ನರು ಗ್ನೂ ಎಂಬ ಯೋಜನೆಯನ್ನು ಘೋಷಿಸಿದ್ದರು. ಅದರ ಗುರಿಯೂ ಯೂನಿಕ್ಸಿನಂತೆಯೇ ನಡೆಯುವ, ಆದರೆ ಎಲ್ಲರಿಗೂ ಓದಲು, ತಿದ್ದಲು, ಹಂಚಲು ಮುಕ್ತವಾದ ವ್ಯವಸ್ಥೆಯೊಂದನ್ನು ಕಟ್ಟುವುದೇ ಆಗಿತ್ತು. ಆ ಯೋಜನೆ ರೂಪಿಸಿದ ಪರವಾನಗಿಯನ್ನು ೧೯೯೨ರಲ್ಲಿ ಲಿನಕ್ಸ್ ಸ್ವೀಕರಿಸಿತು. ಈ ಪರವಾನಗಿಯ ತತ್ತ್ವ ಸರಳ: ತಂತ್ರಾಂಶವನ್ನು ಯಾರಾದರೂ ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಕೊಡುವವನು ಅದರ ಆಕರಪಾಠವನ್ನೂ ಅದೇ ಹಕ್ಕುಗಳೊಡನೆ ಕೊಡತಕ್ಕದ್ದು. ತಾನು ಪಡೆದ ಋಣವನ್ನು ಮುಂದಿನವನಿಗೆ ಸಲ್ಲಿಸುವ ಈ ಕ್ರಮವೇ ಲಿನಕ್ಸಿನ ಬೆಳವಣಿಗೆಯ ಗುಟ್ಟು.

ಇಲ್ಲಿ ಕನ್ನಡಿಗರಿಗೆ ಪರಿಚಿತವಾದ ಒಂದು ನಿದರ್ಶನ ನೆನಪಿಗೆ ಬರುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹಳ ಮಟ್ಟಿಗೆ ಅನುಸರಿಸಿದೆಯೆಂಬುದು ವಿದ್ವಾಂಸರೆಲ್ಲ ಒಪ್ಪಿದ ವಿಷಯ. ಆದರೂ ಅದನ್ನು ಯಾರೂ ಬರಿಯ ನಕಲೆಂದು ಕರೆಯುವುದಿಲ್ಲ. ಅನ್ಯಭಾಷೆಯ ಶಾಸ್ತ್ರದ ಚೌಕಟ್ಟನ್ನು ಒಪ್ಪಿಕೊಂಡು, ಅದರೊಳಗೆ ಕನ್ನಡದ ನುಡಿಗೂ ನಾಡಿಗೂ ಸಲ್ಲುವ ಲಕ್ಷಣಗಳನ್ನು ಆ ಗ್ರಂಥ ಚರ್ಚಿಸಿತು. ಅನುಸರಣೆಯಲ್ಲಿ ಎರಡು ಬಗೆ: ಶಾಸ್ತ್ರವನ್ನು ಅರಗಿಸಿಕೊಂಡು ತನ್ನ ನೆಲಕ್ಕೆ ತಕ್ಕಂತೆ ಮರಳಿ ಕಟ್ಟುವುದು ಒಂದು, ಹೊರಗಿನ ವೇಷವನ್ನಷ್ಟೇ ತೊಡುವುದು ಇನ್ನೊಂದು. ಯೂನಿಕ್ಸಿನಿಂದ ಮಿನಿಕ್ಸಿಗೂ ಮಿನಿಕ್ಸಿನಿಂದ ಲಿನಕ್ಸಿಗೂ ನಡೆದದ್ದು ಮೊದಲನೆಯ ಬಗೆಯ ಅನುಸರಣೆ. ದೇಶೀಯ ಲಿನಕ್ಸುಗಳು ಯಾವ ಬಗೆಗೆ ಸೇರುತ್ತವೆಂಬುದನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕು.

೩

ಲಿನಕ್ಸ್ ಎಂದರೆ ಸರಿಯಾದ ಅರ್ಥದಲ್ಲಿ ವ್ಯವಸ್ಥೆಯ ತಿರುಳು ಮಾತ್ರ. ಯಂತ್ರಾಂಶವನ್ನು ನಡೆಸುವುದು, ಸ್ಮೃತಿಯನ್ನು ಹಂಚುವುದು, ಕಡತಗಳನ್ನು ಕಾಯುವುದು ಅದರ ಕೆಲಸ. ಬಳಸುವವನ ಕಣ್ಣಿಗೆ ಬೀಳುವ ಪರದೆ, ಕಿಟಕಿಗಳು, ಬರಹದ ಸಾಧನಗಳು, ಲಿಪಿಗಳು ಇವೆಲ್ಲ ಬೇರೆ ಬೇರೆ ಕೈಗಳಲ್ಲಿ ಸಿದ್ಧವಾದವು. ಇವುಗಳನ್ನು ಆಯ್ದು, ಪರಸ್ಪರ ಹೊಂದಿಕೆಯನ್ನು ಪರೀಕ್ಷಿಸಿ, ಒಂದೇ ಕಟ್ಟಾಗಿ ಕೊಡುವುದಕ್ಕೆ ವಿತರಣೆ ಎಂದು ಹೆಸರು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇಂತಹ ವಿತರಣೆಗಳಲ್ಲಿ ಹಿರಿಯದು. ೨೦೦೭ರ ಅದರ ಆವೃತ್ತಿಯಲ್ಲಿ ೧೮,೦೦೦ಕ್ಕೂ ಹೆಚ್ಚು ತಂತ್ರಾಂಶದ ಕಟ್ಟುಗಳಿದ್ದವು. ಪ್ರತಿಯೊಂದು ಕಟ್ಟೂ ತನಗೆ ಬೇರೆ ಯಾವ ಕಟ್ಟುಗಳು ಆಧಾರವಾಗಿ ಬೇಕೆಂಬುದನ್ನು ತಾನೇ ಹೇಳಿಕೊಳ್ಳುತ್ತದೆ. ಒಂದನ್ನು ಬೇಡಿದರೆ ಉಳಿದವು ತಾವಾಗಿ ಬಂದು ಸೇರುತ್ತವೆ. ಹೊಸ ವಿತರಣೆಯನ್ನು ಕಟ್ಟುವವರು ಇಷ್ಟನ್ನೂ ಮೊದಲಿನಿಂದ ಬರೆಯುವುದಿಲ್ಲ. ಡೆಬಿಯನ್ನಿನಂತಹ ಒಂದು ಬುನಾದಿಯನ್ನು ಆರಿಸಿಕೊಂಡು, ಬೇಡವಾದುದನ್ನು ತೆಗೆದು, ಬೇಕಾದುದನ್ನು ಸೇರಿಸಿ, ಮುಖವನ್ನು ಬದಲಿಸಿ, ಸ್ಥಾಪನೆಯ ಕ್ರಮವನ್ನು ಸುಲಭಗೊಳಿಸಿ, ತಮ್ಮದೇ ಉಗ್ರಾಣದಿಂದ ಹಂಚುತ್ತಾರೆ. ಹಳೆಯ ಕಾವ್ಯಗಳ ಸಂಪಾದಕನು ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಸಿದ್ಧಪಡಿಸುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಕಾವ್ಯ ಅವನದಲ್ಲ, ಆದರೆ ಸಂಪಾದನೆಯ ಶ್ರಮವೂ ಹೊಣೆಯೂ ಅವನದೇ.

ಭಾರತದಲ್ಲಿ ಇದಕ್ಕೆ ಹಿನ್ನೆಲೆ ಮೊದಲೇ ಸಿದ್ಧವಾಗಿತ್ತು. ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ೧೯೯೧ರಲ್ಲಿ ಪರಮ್ ೮೦೦೦ ಎಂಬ ಮಹಾಗಣಕವನ್ನು ನಿರ್ಮಿಸಿ ಹೆಸರಾಯಿತು. ಅದೇ ವರ್ಷ ಇಲೆಕ್ಟ್ರಾನಿಕ್ಸ್ ಇಲಾಖೆಯು ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ಆರಂಭಿಸಿತು. ಭಾರತೀಯ ಲಿಪಿಗಳಿಗೆ ಸಮಾನವಾದ ಇಸ್ಕಿ ಸಂಕೇತಕ್ರಮವೂ ಆಗ ರಾಷ್ಟ್ರೀಯ ಮಾನಕವಾಯಿತು. ಮುಂದೆ ೨೦೦೫ರಲ್ಲಿ ಚೆನ್ನೈಯ ಸಿ-ಡ್ಯಾಕ್ ಶಾಖೆ ಮತ್ತು ಅಣ್ಣಾ ವಿಶ್ವವಿದ್ಯಾಲಯದ ಎ. ಯು.-ಕೆ. ಬಿ. ಸಿ. ಸಂಶೋಧನ ಕೇಂದ್ರಗಳ ಸಹಯೋಗದಲ್ಲಿ ಮುಕ್ತ ತಂತ್ರಾಂಶಗಳ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವೊಂದು ಹುಟ್ಟಿತು. ಈ ಪರಿಶ್ರಮದ ಫಲವೇ ಭಾರತ್ ಆಪರೇಟಿಂಗ್ ಸಿಸ್ಟಂ ಸಲ್ಯೂಷನ್ಸ್, ಸಂಕ್ಷೇಪವಾಗಿ ಬಾಸ್. ಧನಸಹಾಯವೂ ನಿರ್ಣಯವೂ ಲೋಧಿ ರಸ್ತೆಯದು. ಕಟ್ಟುವ ಕೆಲಸ ಚೆನ್ನೈಯದು.

ಬಾಸ್‌ನ ಬುನಾದಿ ಡೆಬಿಯನ್. ಮುಖ ಗ್ನೋಮ್ ಎಂಬ ಮುಕ್ತ ಪರದೆ. ಅದರ ವಿಶೇಷವಿದ್ದದ್ದು ಹದಿನೆಂಟು ಭಾರತೀಯ ಭಾಷೆಗಳಿಗೆ ಒದಗಿಸಿದ ಲಿಪಿ, ಕೀಲಿಮಣೆ ಮತ್ತು ಅನುವಾದಗಳಲ್ಲಿ. ಇಂಗ್ಲಿಷ್ ಬಾರದ ನೌಕರನೂ ನಾಗರಿಕನೂ ಗಣಕದ ಮುಂದೆ ಅಳುಕದೆ ಕುಳಿತುಕೊಳ್ಳಬೇಕೆಂಬುದು ಉದ್ದೇಶ. ವಿಂಡೋಸಿನಲ್ಲಿ ಬರೆದಿಟ್ಟ ಕಡತಗಳನ್ನು ರಾಶಿರಾಶಿಯಾಗಿ ಮುಕ್ತ ಕಡತಕ್ರಮಕ್ಕೆ ಪರಿವರ್ತಿಸುವ ಸಾಧನವೊಂದನ್ನು ಅದರೊಳಗೆ ಸೇರಿಸಿದ್ದು ಕಚೇರಿಗಳ ನಿಜವಾದ ಕಷ್ಟವನ್ನು ಅರಿತವರ ಕೆಲಸ. ವ್ಯವಸ್ಥೆಯನ್ನು ಬದಲಿಸುವುದು ಒಂದು ದಿನದ ಮಾತು. ಇಪ್ಪತ್ತು ವರ್ಷದ ಕಡತಗಳನ್ನು ಓದುವಂತೆ ಉಳಿಸಿಕೊಳ್ಳುವುದು ಬೇರೆ ಮಾತು. ತರಂಗ್, ಅನಂತ್, ತೇಜಸ್, ಸವಿರ್ ಎಂಬ ಹೆಸರುಗಳಲ್ಲಿ ಮೊದಲ ಆವೃತ್ತಿಗಳು ಬಂದವು. ೨೦೧೩ರಲ್ಲಿ ಅನೋಖಾ, ೨೦೧೫ರಲ್ಲಿ ಅನೂಪ್, ಆ ಬಳಿಕ ದೃಷ್ಟಿ, ಉನ್ನತಿ, ಊರ್ಜಾ, ಪ್ರಜ್ಞಾ ಎಂಬುವು ಹೊರಬಂದವು. ಶಾಲೆಗಳಿಗಾಗಿ ಎಜುಬಾಸ್ ಎಂಬ ಬೇರೊಂದು ರೂಪವೂ ಸಿದ್ಧವಾಯಿತು.

ಇಷ್ಟಾದರೂ ಬಾಸ್ ದೇಶದ ಕಚೇರಿಗಳಲ್ಲಿ ಮನೆಮಾತಾಗಲಿಲ್ಲವೆಂಬುದು ಸತ್ಯ. ವಿತರಣೆಯನ್ನು ಕಟ್ಟುವುದು ಕೆಲಸದ ಅರ್ಧ. ಅದನ್ನು ಕಾಪಾಡುವುದು ಉಳಿದರ್ಧ. ಪ್ರತಿ ವಾರ ಹೊರಬೀಳುವ ದೋಷಗಳಿಗೆ ತಿದ್ದುಪಡಿ ಬೇಕು. ಹೊಸ ಮುದ್ರಣಯಂತ್ರ ಬಂದರೆ ಅದನ್ನು ನಡೆಸುವ ತಂತ್ರಾಂಶ ಬೇಕು. ದೂರದ ತಾಲ್ಲೂಕಿನಲ್ಲಿ ಯಂತ್ರ ನಿಂತರೆ ಕೇಳುವವರು ಬೇಕು. ಇವುಗಳಿಗೆಲ್ಲ ಲಕ್ಷಾಂತರ ಬಳಕೆಗಾರರ ಸಮುದಾಯವೊಂದು ಆಧಾರವಾಗಿರಬೇಕು. ಸರ್ಕಾರದ ಯೋಜನೆಗೆ ವರ್ಷದ ಆಯವ್ಯಯವಿರುತ್ತದೆ. ಸಮುದಾಯ ಆಯವ್ಯಯದಿಂದ ಹುಟ್ಟುವುದಿಲ್ಲ.

೪

ಇನ್ನು ಮುಖದ ಅನುಕರಣೆಯ ಪ್ರಶ್ನೆ. ವಿಂಡೋಸಿನ ಪರದೆಯೂ ಸ್ವಯಂಭೂವಲ್ಲ. ಚಿತ್ರಗಳು, ಕಿಟಕಿಗಳು, ಮೌಸ್ ಎಂಬ ಕೈಸಾಧನ ಇವೆಲ್ಲವನ್ನೂ ಒಟ್ಟಿಗೆ ತಂದ ಮೊದಲ ಯಂತ್ರಗಳಲ್ಲೊಂದು ೧೯೭೩ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರದಲ್ಲಿ ಸಿದ್ಧವಾದ ಆಲ್ಟೊ. ಅದರಿಂದ ಸ್ಫೂರ್ತಿ ಪಡೆದು ಆ್ಯಪಲ್ ೧೯೮೪ರಲ್ಲಿ ಮೆಕಿಂಟಾಷನ್ನು ತಂದಿತು. ಮೈಕ್ರೋಸಾಫ್ಟಿನ ವಿಂಡೋಸ್ ಆ ಜಾಡಿನಲ್ಲಿಯೇ ಬೆಳೆಯಿತು. ಪರದೆಯ ರೂಪವನ್ನು ಕದ್ದರೆಂದು ಆ್ಯಪಲ್ ೧೯೮೮ರಲ್ಲಿ ಮೈಕ್ರೋಸಾಫ್ಟಿನ ಮೇಲೆ ಹೂಡಿದ ದಾವೆಯು ೧೯೯೪ರಲ್ಲಿ ಮೇಲ್ಮನವಿಯಲ್ಲಿಯೂ ಸೋತಿತು. ಪರದೆಯ ಒಟ್ಟಾರೆ ನೋಟ ಯಾರೊಬ್ಬರ ಸ್ವತ್ತೂ ಅಲ್ಲವೆಂಬ ಭಾವನೆಗೆ ಈ ತೀರ್ಪು ಬಲಕೊಟ್ಟಿತು.

ಈ ಅವಕಾಶವನ್ನು ಬಳಸಿಕೊಂಡು ವಿಂಡೋಸಿನಂತೆಯೇ ಕಾಣುವ ಲಿನಕ್ಸುಗಳು ಹಲವು ಬಂದವು. ೨೦೦೧ರಲ್ಲಿ ಮೈಕೇಲ್ ರಾಬರ್ಟ್‌ಸನ್ ಆರಂಭಿಸಿದ ಲಿಂಡೋಸ್ ಹೆಸರಿನಲ್ಲಿಯೂ ಅನುಕರಣೆಯನ್ನು ಸಾರಿತು. ವಿಂಡೋಸಿಗಾಗಿ ಬರೆದ ತಂತ್ರಾಂಶಗಳನ್ನು ಲಿನಕ್ಸಿನ ಮೇಲೆ ನಡೆಸುವ ವೈನ್ ಎಂಬ ಮಧ್ಯವರ್ತಿ ಸಾಧನದ ಬಲದಿಂದ ಎರಡನ್ನೂ ಒಂದುಗೂಡಿಸುತ್ತೇವೆಂಬುದು ಅದರ ಆರಂಭದ ಭರವಸೆ. ಅದು ಪೂರ್ತಿ ನೆರವೇರಲಿಲ್ಲ. ಹೆಸರಿನ ಬಗೆಗೆ ಮೈಕ್ರೋಸಾಫ್ಟ್ ಹೂಡಿದ ವ್ಯಾಜ್ಯ ೨೦೦೪ರಲ್ಲಿ ವಿಚಿತ್ರವಾಗಿ ಮುಗಿಯಿತು: ದಾವೆ ಹೂಡಿದವರೇ ೨ ಕೋಟಿ ಡಾಲರುಗಳನ್ನು ಕೊಟ್ಟರು, ಪ್ರತಿವಾದಿಗಳು ಲಿನ್‌ಸ್ಪೈರ್ ಎಂಬ ಹೆಸರನ್ನು ತಳೆದರು. ‘ಕಿಟಕಿ’ ಎಂಬ ಸಾಮಾನ್ಯ ಪದವನ್ನು ಯಾರಾದರೂ ತಮ್ಮ ಸ್ವತ್ತೆನ್ನಬಹುದೇ ಎಂಬ ಸಂದೇಹ ನ್ಯಾಯಾಲಯದಲ್ಲಿ ಎದ್ದಿದ್ದೇ ಇದಕ್ಕೆ ಹಿನ್ನೆಲೆ. ಐರ್ಲೆಂಡಿನಲ್ಲಿ ೨೦೦೯ರಲ್ಲಿ ಹುಟ್ಟಿದ ಝೋರಿನ್, ವಿಂಡೋಸಿನಿಂದ ಬರುವವರಿಗೆ ಪರಿಚಿತ ಪರದೆಯನ್ನು ಕೊಡುವುದನ್ನೇ ಗುರಿಯಾಗಿಟ್ಟುಕೊಂಡು ಬಾಳಿತು.

೨೦೨೩ರ ಆಗಸ್ಟ್ ತಿಂಗಳಲ್ಲಿ ಬಹಿರಂಗವಾದ ‘ಮಾಯಾ’ ಈ ಸಾಲಿಗೆ ಸೇರುವಂತಹುದು. ಪತ್ರಿಕಾ ವರದಿಗಳ ಪ್ರಕಾರ ಅದು ಡೆಬಿಯನ್ ಮೂಲದ ಉಬುಂಟುವನ್ನು ಆಧರಿಸಿದೆ. ರಕ್ಷಣಾ ಸಂಶೋಧನಾ ಸಂಸ್ಥೆ, ಸಿ-ಡ್ಯಾಕ್ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರಗಳು ಅದರ ನಿರ್ಮಾಣದಲ್ಲಿ ಪಾಲುಗೊಂಡಿವೆ. ಅದರ ನೋಟವೂ ನಡೆಯೂ ವಿಂಡೋಸನ್ನು ಹೋಲುತ್ತವೆ. ಚಕ್ರವ್ಯೂಹವೆಂಬ ರಕ್ಷಣಾ ತಂತ್ರಾಂಶವನ್ನೂ ಅದರೊಡನೆ ಅಳವಡಿಸಲಾಯಿತು. ವಿದೇಶೀ ತಂತ್ರಾಂಶದ ದ್ವಾರಗಳಿಂದ ನುಗ್ಗುವ ಜಾಲದಾಳಿಗಳಿಂದ ಸೌತ್ ಬ್ಲಾಕಿನ ಯಂತ್ರಗಳನ್ನು ಕಾಯುವುದು ಉದ್ದೇಶ. ಅಭ್ಯಾಸ ಬದಲಾಗದಂತೆ ಆಧಾರವನ್ನು ಬದಲಿಸುವ ಈ ಉಪಾಯಕ್ಕೆ ಇಟ್ಟ ಹೆಸರು ಅರ್ಥಗರ್ಭಿತವೇ ಸರಿ: ಕಾಣುವುದು ಒಂದು, ಇರುವುದು ಇನ್ನೊಂದು.

ಮುಖವನ್ನು ಅನುಕರಿಸುವುದರಲ್ಲಿ ದೋಷವಿಲ್ಲ. ಮೂವತ್ತು ವರ್ಷ ಒಂದು ಬಗೆಯ ಮೇಜಿನ ಮುಂದೆ ಕುಳಿತ ಗುಮಾಸ್ತನಿಗೆ ಕೆಲಸ ಕೆಡದಂತೆ ಮೇಜನ್ನು ಬದಲಿಸಿಕೊಡುವುದು ವಿವೇಕವೇ. ಆದರೆ ಅಷ್ಟಕ್ಕೇ ಸ್ವಾತಂತ್ರ್ಯ ಬಂತೆಂದು ತಿಳಿದರೆ ಮೋಸ. ಇದಕ್ಕೆ ಉತ್ತರ ಕೊರಿಯದ ರೆಡ್‌ಸ್ಟಾರ್ ಎಂಬ ಲಿನಕ್ಸ್ ಎಚ್ಚರಿಕೆಯ ನಿದರ್ಶನ. ಮೊದಲು ವಿಂಡೋಸನ್ನು ಹೋಲುತ್ತಿದ್ದ ಅದು ಮೂರನೆಯ ಆವೃತ್ತಿಯಲ್ಲಿ ಆ್ಯಪಲ್ ಪರದೆಯ ಮುಖವನ್ನು ತೊಟ್ಟುಕೊಂಡಿತು; ದೇಶೀಯತೆಯಲ್ಲಿ ಅದಕ್ಕೆ ಏನೂ ಕೊರತೆಯಿಲ್ಲ. ೨೦೧೫ರಲ್ಲಿ ಜರ್ಮನಿಯ ಸಂಶೋಧಕರು ಅದನ್ನು ಬಿಡಿಸಿ ನೋಡಿದಾಗ, ತನ್ನ ಮೂಲಕ ಹಾದುಹೋಗುವ ಬರಹ ಮತ್ತು ಚಿತ್ರಗಳ ಕಡತಗಳಲ್ಲಿ ಅದು ಗುಟ್ಟಾಗಿ ಗುರುತು ಹಾಕುತ್ತದೆಂದೂ, ಒಂದು ಕಡತ ಯಾರಿಂದ ಯಾರಿಗೆ ಸಾಗಿತೆಂಬುದನ್ನು ಅದರಿಂದ ಪತ್ತೆಮಾಡಬಹುದೆಂದೂ ಕಂಡುಬಂತು. ಅನ್ಯರ ಕಣ್ಣಿನಿಂದ ಪಾರಾಗುವುದಕ್ಕಾಗಿ ಕಟ್ಟಿದ ಗೋಡೆ ಒಳಗಿನವರ ಮೇಲೆಯೇ ಕಾವಲಾಯಿತು. ಆದುದರಿಂದ ದೇಶೀಯವಾದುದು ಮುಕ್ತವಾದುದು ಎಂಬ ಸಮೀಕರಣ ತಾನಾಗಿ ಸಿದ್ಧಿಸುವುದಿಲ್ಲ. ಲೆಕ್ಕದ ಪುಸ್ತಕ ಯಾರ ಊರಿನ ಕಾಗದದ ಮೇಲೆ ಬರೆಯಲ್ಪಟ್ಟಿತೆಂಬುದು ಎರಡನೆಯ ಮಾತು. ಹಕ್ಕುಳ್ಳವನು ಅದನ್ನು ತೆರೆದು ಪರಿಶೀಲಿಸಬಹುದೇ ಎಂಬುದು ಮೊದಲ ಮಾತು. ಸೈನ್ಯದ ವ್ಯವಸ್ಥೆಗೆ ಗೋಪ್ಯತೆ ಬೇಕಾದೀತು. ನಾಗರಿಕನ ಪಹಣಿಯನ್ನೂ ಪಿಂಚಣಿಯನ್ನೂ ನಡೆಸುವ ವ್ಯವಸ್ಥೆಗೆ ಬೇಕಾದುದು ಪರಿಶೀಲನೆ.

೫

ಕನ್ನಡದ ಖಾತೆಯಲ್ಲಿ ಇದರ ಜಮಾ ಖರ್ಚು ಹೇಗಿದೆ ಎಂಬುದು ಹೊರನಾಡಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ವಿಷಯ. ಗಣಕದಲ್ಲಿ ಕನ್ನಡದ ಇತಿಹಾಸ ಬಹುಕಾಲ ವಿಂಡೋಸಿನ ನೆರಳಿನಲ್ಲಿ ನಡೆಯಿತು. ಶ್ರೀ ಕೆ. ಪಿ. ರಾವ್ ಅವರು ಧ್ವನ್ಯನುಸಾರಿಯಾದ, ಕನ್ನಡದ ವರ್ಣಮಾಲೆಯ ತರ್ಕಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟು ಉಪಕರಿಸಿದರು. ೧೯೯೮ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಶ್ರೀ ಶೇಷಾದ್ರಿವಾಸು ಅವರ ‘ಬರಹ’ ಬಂತು. ಹೊರನಾಡಿನ ಎಷ್ಟೋ ಸಂಘಗಳ ಪತ್ರಿಕೆಗಳು ಅದರಿಂದ ಬದುಕಿದವು. ಬೆಂಗಳೂರಿನ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕರ್ನಾಟಕದ ಕಚೇರಿಗಳ ತಂತ್ರಾಂಶವಾಯಿತು. ಇವುಗಳ ಉಪಕಾರ ದೊಡ್ಡದು. ಆದರೆ ಅವುಗಳ ಆರಂಭದ ರೂಪಗಳಲ್ಲಿ ಅಕ್ಷರಕ್ಕೆ ಸ್ವತಂತ್ರವಾದ ಸಂಕೇತವಿರಲಿಲ್ಲ. ಅಕ್ಷರದ ತುಂಡುಗಳನ್ನು ರೋಮನ್ ಲಿಪಿಯ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುತ್ತಿದ್ದದ್ದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೀಗೆ ಬರಹ ಫಾಂಟಿಗೂ, ಫಾಂಟು ತಂತ್ರಾಂಶಕ್ಕೂ, ತಂತ್ರಾಂಶ ಒಂದು ಕಂಪನಿಯ ಕಾರ್ಯವ್ಯವಸ್ಥೆಗೂ ಸರಪಣಿಯಂತೆ ಕಟ್ಟುಬಿದ್ದವು. ಕಚೇರಿಯೊಂದು ಲಿನಕ್ಸಿಗೆ ಹೋಗಬೇಕೆಂದರೆ ತನ್ನ ಕನ್ನಡವನ್ನೇ ಬಿಟ್ಟುಹೋಗಬೇಕಾದ ಪರಿಸ್ಥಿತಿ ಒದಗಿತು.

ಈ ಸರಪಣಿಯನ್ನು ಕಡಿದದ್ದು ಯೂನಿಕೋಡ್. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ವಿಂಡೋಸಿನಲ್ಲಿ ೨೦೦೧ರ ಎಕ್ಸ್‌ಪಿ ಆವೃತ್ತಿಯೊಡನೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟು ಬಂತು. ಲಿನಕ್ಸಿನಲ್ಲಿ ಕೇದಗೆ, ಮಲ್ಲಿಗೆ, ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಕಾಲಕ್ರಮದಲ್ಲಿ ಸೇರಿದವು. ಆದರೂ ಫಾಂಟು ಇದ್ದಮಾತ್ರಕ್ಕೆ ಕನ್ನಡ ಮೂಡುವುದಿಲ್ಲ. ಒತ್ತಕ್ಷರ ಎಲ್ಲಿ ಕೂರಬೇಕು, ಗುಣಿತ ಹೇಗೆ ಬೆಸೆಯಬೇಕು ಎಂಬುದನ್ನು ನಿರ್ಣಯಿಸುವ ಜೋಡಣೆಯ ತಂತ್ರಾಂಶ ಬೇಕು. ‘ಸೂರ್ಯ’ ಎಂಬಲ್ಲಿ ರೇಫವು ಅರ್ಕಾವತ್ತಾಗಿ ಮುಂದಿನ ಅಕ್ಷರದ ಪಕ್ಕಕ್ಕೆ ಹೋಗುತ್ತದೆ. ‘ರ‍್ಯಾಂಕು’ ಎಂಬಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಅದರ ಕೆಳಗೆ ಒತ್ತಾಗುತ್ತದೆ. ಎರಡರಲ್ಲಿಯೂ ವರ್ಣಗಳು ಅವೇ, ಬರಹ ಬೇರೆ. ಯೂನಿಕೋಡಿನಲ್ಲಿ ಈ ಭೇದವನ್ನು ಕಣ್ಣಿಗೆ ಕಾಣದ ಒಂದು ಜೋಡಕದಿಂದ ಸೂಚಿಸಬೇಕಾಗುತ್ತದೆ. ಇಂತಹ ಸೂಕ್ಷ್ಮಗಳನ್ನು ದೂರದ ಕಂಪನಿ ಗಮನಿಸುವವರೆಗೆ ಕಾಯಬಹುದು, ಇಲ್ಲವೇ ಆಕರಪಾಠವನ್ನು ತೆರೆದು ತಿದ್ದಿಕೊಳ್ಳಬಹುದು. ಎರಡನೆಯ ದಾರಿ ಇರುವುದು ಮುಕ್ತ ವ್ಯವಸ್ಥೆಯಲ್ಲಿ ಮಾತ್ರ.

ಆ ದಾರಿಯಿಂದ ಕನ್ನಡ ಪಡೆದಷ್ಟೇ ಕೊಟ್ಟೂ ಇದೆ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯನ್ನು ತೆರೆದು ನೋಡಿದರೆ ‘ಕಗಪ’ ಎಂಬ ಹೆಸರು ಕಾಣುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಸಂಕ್ಷೇಪ. ಕನ್ನಡಕ್ಕೆ ಮಾತ್ರವಲ್ಲ, ಹಿಂದಿ, ಮರಾಠಿ, ಸಂಸ್ಕೃತ ಮತ್ತು ತೆಲುಗುಗಳಿಗೂ ಕಗಪ ಹೆಸರಿನ ವಿನ್ಯಾಸಗಳು ಅಲ್ಲಿವೆ. ಕನ್ನಡಕ್ಕಾಗಿ ಚಿಂತಿಸಿದ ಒಂದು ಕ್ರಮ, ಯಾರ ಅಪ್ಪಣೆಯೂ ಇಲ್ಲದೆ, ನೆರೆಯ ಭಾಷೆಗಳಿಗೆ ಹಬ್ಬಿ, ಜಗತ್ತಿನ ಯಾವುದೇ ಮೂಲೆಯಲ್ಲಿ ಲಿನಕ್ಸ್ ಸ್ಥಾಪಿಸಿದರೂ ಅದರೊಡನೆ ತಾನೂ ಹೋಗಿ ನೆಲೆಸುತ್ತದೆ. ಡೆಬಿಯನ್ನಿಗೆ ಸೇರಿದುದು ಬಾಸ್‌ಗೂ ಉಬುಂಟುವಿಗೂ ತಾನಾಗಿ ಹರಿಯುತ್ತದೆ. ಹೊಸದೊಂದು ದೇಶೀಯ ವಿತರಣೆಯನ್ನು ಕಟ್ಟುವುದಕ್ಕಿಂತ, ಎಲ್ಲ ವಿತರಣೆಗಳ ಮೂಲದಲ್ಲಿ ಒಂದು ಅಕ್ಷರದ ದೋಷವನ್ನು ತಿದ್ದುವುದು ಒಮ್ಮೊಮ್ಮೆ ಹೆಚ್ಚಿನ ಸೇವೆಯಾಗುತ್ತದೆಂಬುದಕ್ಕೆ ಇದೇ ಪ್ರಮಾಣ.

ಗಡಿನಾಡಿನ ನಿದರ್ಶನವೊಂದನ್ನು ಇಲ್ಲಿ ಹೇಳದೆ ಬಿಡಲಾಗದು. ಕೇರಳ ಸರ್ಕಾರವು ೨೦೦೧ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಕ್ರಮೇಣ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿ, ಶಾಲೆಗಳಿಗೆಂದೇ ತನ್ನ ಲಿನಕ್ಸ್ ವಿತರಣೆಯನ್ನು ಕಟ್ಟಿತು. ಈಗ ‘ಕೈಟ್’ ಎಂಬ ಸಂಸ್ಥೆಯಾಗಿರುವ ಆ ಯೋಜನೆಯು ೨೦೧೯ರಲ್ಲಿ ಹೊರತಂದ ಆವೃತ್ತಿಯು ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಉದ್ದಿಷ್ಟವಾಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ರಾಜ್ಯ ಮರುವಿಂಗಡಣೆಯಿಂದ ೧೯೫೬ರಲ್ಲಿ ಕರ್ನಾಟಕದ ಹೊರಗುಳಿದ ಆ ನೆಲದ ಕನ್ನಡದ ಮಕ್ಕಳು, ಗಣಕದ ಪಾಠವನ್ನು ಲಿನಕ್ಸಿನ ಮೇಲೆ ಕಲಿತು ಬೆಳೆದಿದ್ದಾರೆ. ಕೇರಳದ ಪ್ರಯೋಗ ಉಳಿದುದಕ್ಕೆ ಕಾರಣ ತಂತ್ರಾಂಶದ ಹೆಚ್ಚುಗಾರಿಕೆಯಲ್ಲ: ಮೊದಲು ಶಿಕ್ಷಕರಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕವನ್ನೂ ಪರೀಕ್ಷೆಯನ್ನೂ ಅದಕ್ಕೆ ಹೊಂದಿಸಿದರು. ಬಾಸ್‌ಗೆ ದೊರೆಯದ ಸಮುದಾಯ ಅಲ್ಲಿ ತರಗತಿಗಳಲ್ಲಿ ಬೆಳೆಯಿತು.

೬

ಲೋಧಿ ರಸ್ತೆಯ ನೀತಿಯ ಮಾತಿಗೆ ಮರ��ೋಣ. ೨೦೧೦ರಲ್ಲಿ ಮುಕ್ತ ಮಾನಕಗಳ ನೀತಿಯೂ, ೨೦೧೫ರ ಮಾರ್ಚ್ ತಿಂಗಳಲ್ಲಿ ಮುಕ್ತ ತಂತ್ರಾಂಶದ ಸ್ವೀಕಾರದ ನೀತಿಯೂ ಇಲೆಕ್ಟ್ರಾನಿಕ್ಸ್ ನಿಕೇತನದಿಂದ ಹೊರಟವು. ಎರಡನೆಯದರ ಪ್ರಕಾರ ಕೇಂದ್ರ ಸರ್ಕಾರದ ಇಲಾಖೆಗಳು ತಂತ್ರಾಂಶವನ್ನು ಕೊಳ್ಳುವಾಗ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡಬೇಕು. ಅದನ್ನು ಬಿಟ್ಟು ಬೇರೆಯದನ್ನು ಆರಿಸಿದರೆ ಕಾರಣವನ್ನು ಹೇಳಬೇಕು. ಯಾವುದೊಂದು ವಿತರಣೆಯನ್ನೂ ಕಡ್ಡಾಯ ಮಾಡದೆ, ಆಯ್ಕೆಗೆ ಕಾರಣ ಕೇಳುವ ಈ ಕ್ರಮ ವಿವೇಕದ್ದು. ಕಾರಣ ಹೇಳುವುದೇ ವಾಡಿಕೆಯ ಒಂದು ಷರಾ ಆಗಿಬಿಟ್ಟರೆ ನೀತಿ ಕಾಗದದಲ್ಲಿ ಉಳಿಯುತ್ತದೆಂಬುದೂ ಅಷ್ಟೇ ನಿಜ.

ಹೊರದೇಶಗಳ ಅನುಭವ ಇದಕ್ಕೆ ಬೆಳಕು ಕೊಡುತ್ತದೆ. ಜರ್ಮನಿಯ ಮ್ಯೂನಿಕ್ ನಗರಸಭೆಯು ೨೦೦೩ರಲ್ಲಿ ನಿರ್ಧರಿಸಿ, ಲಿಮಕ್ಸ್ ಎಂಬ ತನ್ನದೇ ಲಿನಕ್ಸನ್ನು ಕಟ್ಟಿ, ೨೦೧೩ರ ವೇಳೆಗೆ ಸುಮಾರು ೧೫,೦೦೦ ಯಂತ್ರಗಳನ್ನು ಅದಕ್ಕೆ ಬದಲಿಸಿತು. ೨೦೧೭ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಚೀನದ ರೆಡ್‌ಫ್ಲ್ಯಾಗ್ ಸರ್ಕಾರದ ಬೆಂಬಲದಿಂದಲೇ ಬೆಳೆದರೂ ಅದರ ಕಂಪನಿ ೨೦೧೪ರಲ್ಲಿ ಬಾಗಿಲು ಮುಚ್ಚಿತು. ಆಡಳಿತದ ಒಲವಿನ ಮೇಲೆ ನಿಂತುದು ಆ ಒಲವು ಸರಿದೊಡನೆ ಕುಸಿಯುತ್ತದೆ.

ಹಾಗೆಂದು ಪ್ರಯತ್ನವನ್ನೇ ಕೈಬಿಡುವ ಕಾಲ ಇದಲ್ಲ. ೨೦೨೫ರ ಜುಲೈ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧಗಳ ಬೆನ್ನಲ್ಲಿ ನಯಾರಾ ಎನರ್ಜಿ ಎಂಬ ಭಾರತದ ತೈಲ ಸಂಸ್ಥೆಗೆ ಮೈಕ್ರೋಸಾಫ್ಟಿನ ಸೇವೆಗಳು ಹಠಾತ್ತನೆ ನಿಂತವು. ಸಂಸ್ಥೆ ದಿಲ್ಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕ ಬಳಿಕ ಕೆಲವೇ ದಿನಗಳಲ್ಲಿ ಅವು ಮರಳಿದವು. ಹಣ ತೆತ್ತು ಪಡೆದ ಸೇವೆಯೂ ಅನ್ಯದೇಶದ ನಿರ್ಣಯದಿಂದ ನಿಲ್ಲಬಹುದೆಂಬುದು ಅಂದು ಸ್ಪಷ್ಟವಾಯಿತು. ಅಲ್ಲಿ ನಿಂತದ್ದು ದೂರದ ಯಂತ್ರಗಳಿಂದ ಬರುವ ಅಂಚೆ ಮೊದಲಾದ ಸೇವೆಗಳೇ ಹೊರತು ಮೇಜಿನ ಮೇಲಿನ ಕಾರ್ಯವ್ಯವಸ್ಥೆಯಲ್ಲ; ಬರಿಯ ದೇಶೀಯ ಲಿನಕ್ಸಿನಿಂದ ಆ ಆಪತ್ತು ತಪ್ಪುತ್ತಿತ್ತೆಂದು ವಾದಿಸುವುದು ಸರಿಯಲ್ಲ. ಅದೇ ವರ್ಷದ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. ಮುಂದಿನ ಆವೃತ್ತಿಗೆ ಬೇಕಾದ ಯಂತ್ರಾಂಶವಿಲ್ಲದ ಎಷ್ಟೋ ಗಣಕಗಳು ಕೆಲಸ ಮಾಡುವ ಶಕ್ತಿಯಿದ್ದೂ ಮೂಲೆಗುಂಪಾಗುವ ಸ್ಥಿತಿಗೆ ಬಂದವು. ಅವುಗಳಿಗೆ ಮರುಜೀವ ಕೊಡುವುದು ಲಿನಕ್ಸಿಗೆ ಸಾಧ್ಯ. ಬಡ ಶಾಲೆಗೂ ಸಣ್ಣ ಸಂಘಕ್ಕೂ ಇದು ತತ್ತ್ವದ ಮಾತಲ್ಲ, ಖರ್ಚಿನ ಮಾತು.

ಮೊದಲಲ್ಲಿ ಎತ್ತಿದ ಮೂರು ಪ್ರಶ್ನೆಗಳಿಗೆ ಇದಿಷ್ಟರಿಂದ ಉತ್ತರ ಹೊಳೆಯುತ್ತದೆ. ಪರದೆಯ ಅನುಕರಣೆ ಹೊಸಿಲನ್ನು ದಾಟಿಸುವ ಸಾಧನ, ಅದಕ್ಕೆ ಅಷ್ಟೇ ಬೆಲೆ. ಸ್ವಾತಂತ್ರ್ಯವಿರುವುದು ಆಕರಪಾಠವನ್ನು ಓದುವ ಹಕ್ಕಿನಲ್ಲಿ. ಅದಕ್ಕೂ ಮಿಗಿಲಾಗಿ, ಓದಿ ತಿದ್ದಬಲ್ಲವರು ನಮ್ಮಲ್ಲಿ ಇರುವುದರಲ್ಲಿ. ಬಾಸ್ ಮತ್ತು ಮಾಯಾಗಳು ನಿಂತಿರುವ ಡೆಬಿಯನ್ನಿನ ಬುನಾದಿ ಜಗತ್ತಿನ ಸಾವಿರಾರು ಜನರು ಸಂಬಳವನ್ನು ನೋಡದೆ ದುಡಿದು ಕಟ್ಟಿದ್ದು. ಆ ದುಡಿಮೆಯಲ್ಲಿ ಪಾಲುಗೊಂಡಷ್ಟು ಮಾತ್ರ ಅದು ನಮ್ಮದಾಗುತ್ತದೆ. ಕನ್ನಡದ ಮಟ್ಟಿಗಂತೂ ಕಗಪ ಕೀಲಿಮಣೆ ದಾರಿಯನ್ನು ತೋರಿಸಿದೆ. ಅನುವಾದವಾಗದ ಪದಗಳು ಇನ್ನೂ ಉಳಿದಿವೆ. ಒತ್ತಕ್ಷರ ತಪ್ಪುವ ಪರದೆಗಳು ಇನ್ನೂ ಇವೆ. ಹಳೆಯ ಸಂಕೇತಗಳಲ್ಲಿ ಸೆರೆಯಾದ ಸಂಘಗಳ ಕಡತಗಳು ಯೂನಿಕೋಡಿಗೆ ಬರಬೇಕಾಗಿವೆ. ಇವಕ್ಕೆ ಯಾವ ಸಚಿವಾಲಯದ ಮಂಜೂರಾತಿಯೂ ಬೇಕಾಗಿಲ್ಲ. ಕನ್ನಡವನ್ನೂ ಗಣಕವನ್ನೂ ಬಲ್ಲವರು, ದಿಲ್ಲಿಯಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಇದ್ದಲ್ಲಿಂದಲೇ ಕೈಹಚ್ಚಬಹುದಾದ ಕೆಲಸಗಳಿವು.